ಓಲೆ ಬೋಲ್ಟು, ತಿರುಪು ನಟ್ಟು: ಬೈಕ್ ಬಿಚ್ಚೋಕೆ ಮೊದ್ಲು ಸ್ವಲ್ಪ

ಕೊಡಗಿನ ಗೋಣಿಕೊಪ್ಪದ ಒಂದು ಹಾರ್ಡ್‌ವೇರ್ ಅಂಗಡಿಗೆ ಹೋಗಿ "ಅಣ್ಣ, 10 ನಂಬರ್ ಬೋಲ್ಟ್ ಎರಡು ಕೊಡಿ" ಅಂದೆ. ಅವರು ಒಂದ್ಸಲ ನನ್ನ ಮುಖ ನೋಡಿ, "10 ನಂಬರ್ ಅಂದ್ರೆ ತಲೆನಾ, ಮೈನಾ?" ಅಂದ್ರು. ನಂಗೆ ಪ್ರಶ್ನೆನೇ ಅರ್ಥ ಆಗ್ಲಿಲ್ಲ. "10ರ ಸ್ಪ್ಯಾನರ್ ಕೂರ್ತದಲ್ಲ, ಅದು" ಅಂದೆ. "ಹಾಗಾದ್ರೆ ಮೈ 6ರದ್ದು. ಹಿಂದೆ ನಟ್ ಬರ್ತದಾ ಇಲ್ಲ ನೇರ ಎಂಜಿನ್‌ಗೆ ಹೋಗೋದಾ?" ಅಂತ ಇನ್ನೊಂದು ಪ್ರಶ್ನೆ. ಅದೂ ಗೊತ್ತಿಲ್ಲ. "ಹೋಗಿ ಹಳೇದು ತಗೊಂಡು ಬಾ ಮಾರಾಯ" ಅಂತ ವಾಪಸ್ ಕಳ್ಸಿದ್ರು, ಹೊರಗೆ ಮಳೆ ಬೇರೆ.

ಆಗ ಸಿಟ್ಟು ಬಂದಿತ್ತು, ಆದ್ರೆ ಬೋಲ್ಟಿಗೂ ಸ್ಕ್ರೂಗೂ ಇರೋ ವ್ಯತ್ಯಾಸ ಹೆಚ್ಚುಕಮ್ಮಿ ಪೂರ್ತಿ ಆ ಎರಡನೇ ಪ್ರಶ್ನೆಯಲ್ಲೇ ಉಂಟು.

ನಾವೆಲ್ಲ ಅಂದ್ಕೊಂಡಿರೋದು ಏನಂದ್ರೆ, ದಪ್ಪ ಇದ್ರೆ ಬೋಲ್ಟ್, ಸಣ್ಣ ಇದ್ರೆ ಸ್ಕ್ರೂ, ಇಲ್ಲಾ ಅಂದ್ರೆ ಸ್ಪ್ಯಾನರ್ ಹಾಕಿದ್ರೆ ಬೋಲ್ಟ್ ಸ್ಕ್ರೂಡ್ರೈವರ್ ಹಾಕಿದ್ರೆ ಸ್ಕ್ರೂ. ಗ್ಯಾರೇಜಲ್ಲಿ ಮಾತಾಡೋಕೆ ಇದು ಸಾಕು, ಯಾರೂ ತಪ್ಪು ತಿಳ್ಕೊಳ್ಳಲ್ಲ. ಆದ್ರೆ ಇಂಜಿನಿಯರಿಂಗ್ ಲೆಕ್ಕದಲ್ಲಿ ತಲೆ ಹೇಗಿದೆ ಅನ್ನೋದು ಮುಖ್ಯವೇ ಅಲ್ಲ. ಹಿಡಿತ ಯಾರು ಕೊಡ್ತಾರೆ ಅನ್ನೋದು ಮುಖ್ಯ.

ಅಜ್ಜಿಯ ಕಿವಿ ಓಲೆ ನೆನಪು ಮಾಡ್ಕೊಳ್ಳಿ. ಓಲೆಯ ಕಡ್ಡಿ ಕಿವಿಯ ತೂತಲ್ಲಿ ಸುಮ್ನೆ ಆಚೆ ದಾಟಿ ಹೋಗ್ತದೆ, ಕಿವಿ ಅದನ್ನ ಹಿಡ್ಕೊಳ್ಳಲ್ಲ, ಹಿಂದೆ ಒಂದು ಪುಟ್ಟ ತಿರುಪು ಹಾಕಿ ತಿರುಗಿಸ್ತಾರೆ, ಮುಂದಿನ ಹೂವು ಮತ್ತೆ ಹಿಂದಿನ ತಿರುಪು ಇವೆರಡ್ರ ಮಧ್ಯೆ ಕಿವಿ ಸಿಕ್ಕೊಳ್ತದೆ. ಇದು ಬೋಲ್ಟು. ತಿರುಪು ಅಂದ್ರೆ ನಟ್ಟು. ಡಿಕ್ಷನರಿಯಲ್ಲಿ ಸ್ಕ್ರೂಗೆ ಕನ್ನಡದಲ್ಲಿ ತಿರುಪು ಅಂತ ಬರೆದಿರ್ತಾರೆ, ಆದ್ರೆ ಅಜ್ಜಿ ಕಿವಿಯಲ್ಲಿ ಅದು ಮಾಡ್ತಿರೋದು ನಟ್ಟಿನ ಕೆಲಸ, ತಮಾಷೆ ನೋಡಿ.

ಈಗ ಬಾಗಿಲಿನ ಕೀಲಿಗೆ ಹಾಕೋ ಸ್ಕ್ರೂ ನೋಡಿ. ಹಿಂದೆ ಏನೂ ಇಲ್ಲ, ಮರವೇ ಅದನ್ನ ಕಚ್ಚಿ ಹಿಡ್ಕೊಂಡಿರ್ತದೆ, ತಲೆ ತಿರುಗಿಸಿದ್ರೆ ಒಳಗೆ ಹೋಗ್ತದೆ. ಇದು ಸ್ಕ್ರೂ.

ಹಾಗಾಗಿ, ತೂತುಗಳ ಮೂಲಕ ದಾಟಿ ಹೋಗಿ ಹಿಂದೆ ನಟ್ ತಿರುಗಿಸಿ ಬಿಗಿ ಮಾಡೋದು ಬೋಲ್ಟು, ಎದುರಿಗಿರೋ ವಸ್ತುವಿನ ಒಳಗೆ ಸುರುಳಿಯಾಗಿ ಕೆತ್ತಿದ ಹಲ್ಲಿಗೆ, ಅಂದ್ರೆ ಥ್ರೆಡ್‌ಗೇ ಹೋಗಿ ತಲೆ ತಿರುಗಿಸಿ ಬಿಗಿ ಮಾಡೋದು ಸ್ಕ್ರೂ. ಈ ಲೆಕ್ಕಕ್ಕೆ ಬಂದ್ರೆ ಎಂಜಿನ್ ಕವರ್‌ಗೆ ಹಾಕಿರೋ ಆರು ಮೂಲೆ ತಲೆಯ 10 ನಂಬರಿನ 'ಬೋಲ್ಟು'ಗಳೆಲ್ಲ ಸ್ಕ್ರೂಗಳೇ. ಅಲೆನ್ ಕೀ ಹಾಕೋದೂ ಸ್ಕ್ರೂನೇ. ಆಯಿಲ್ ಬದಲಾಯಿಸೋವಾಗ ಬಿಚ್ಚೋ ಡ್ರೈನ್ ಬೋಲ್ಟೂ ಸ್ಕ್ರೂನೇ. ಸರ್ವಿಸ್ ಮ್ಯಾನ್ಯುಯಲ್‌ನಲ್ಲೇ ಬೋಲ್ಟ್ ಅಂತ ಬರೆದಿರ್ತಾರೆ, ಅದಕ್ಕೆ ಹೋಗಿ ಜಗಳ ಆಡೋ ಅಗತ್ಯ ಇಲ್ಲ.

ಇನ್ನೊಂದು ಲೆಕ್ಕನೂ ಉಂಟು, ಅದು ಅಂಗಡಿಯವ್ರದ್ದು. ಭಾರತೀಯ ಮಾನಕ ಐಎಸ್ 1364ರಲ್ಲಿ ಬೋಲ್ಟ್ ಒಂದು ಭಾಗ, ಸ್ಕ್ರೂ ಇನ್ನೊಂದು ಭಾಗ. ಎರಡಕ್ಕೂ ತಲೆ ಒಂದೇ ತರ ಆರು ಮೂಲೆ. ಅಲ್ಲಿ ಬೋಲ್ಟ್ ಅಂದ್ರೆ ತಲೆ ಕೆಳಗೆ ಸ್ವಲ್ಪ ದೂರ ಥ್ರೆಡ್ ಇಲ್ಲದೆ ನುಣ್ಣಗಿರೋದು, ಸ್ಕ್ರೂ ಅಂದ್ರೆ ತಲೆವರೆಗೂ ಪೂರ್ತಿ ಥ್ರೆಡ್ ಇರೋದು. ನಮ್ಮಲ್ಲಿ ಅದನ್ನ ಆಫ್ ಥ್ರೆಡ್, ಫುಲ್ ಥ್ರೆಡ್ ಅಂತಾರೆ. ಈ ನುಣ್ಣಗಿರೋ ಭಾಗದ ಬಗ್ಗೆ ಆಮೇಲೆ ಹೇಳ್ತೀನಿ, ಅದು ಸುಮ್ನೆ ಬಿಟ್ಟಿದ್ದಲ್ಲ.

ಹೆಸರು ಏನಾದ್ರೂ ಇರ್ಲಿ, ನಮಗೆ ಯಾಕೆ ಬೇಕು ಇದೆಲ್ಲ ಅಂದ್ರೆ, ಕೆಟ್ಟಾಗ ಯಾವುದು ಕೆಡ್ತದೆ ಅನ್ನೋದಕ್ಕೆ. ನಟ್ ಇರೋ ಕಡೆ ಜಾಸ್ತಿ ಟೈಟ್ ಮಾಡಿ ಥ್ರೆಡ್ ಹೋಯ್ತು ಅಂದ್ರೆ ನಟ್ಟು ಬೋಲ್ಟು ಎರಡೂ ಎಸೆದು ಹೊಸದು ಹಾಕಿದ್ರೆ ಮುಗೀತು, ಒಂದು ಟೀ ದುಡ್ಡು. ಸ್ಕ್ರೂ ಕಡೆ ಹಾಗಲ್ಲ. ಅಲ್ಲಿ ನಟ್ಟು ಅಂದ್ರೆ ನಿಮ್ಮ ಎಂಜಿನ್ನೇ. ಸ್ಕ್ರೂ ಸ್ಟೀಲು, ಎಂಜಿನ್ ಕೇಸ್ ಅಲ್ಯೂಮಿನಿಯಂ, ಸ್ಟೀಲಿನ ಮುಂದೆ ಅಲ್ಯೂಮಿನಿಯಂ ಮೆತ್ತಗೆ, ಎಳೆದಾಟ ಆದಾಗ ಸೋಲೋದು ಹೆಚ್ಚಾಗಿ ದುಬಾರಿ ಕಡೆಯದ್ದೇ.

ನಾನು ಇದನ್ನ ಕಲಿತಿದ್ದು ಒಂದು ಕಕ್ಕಡ ತಿಂಗಳಲ್ಲಿ, ಅಂದ್ರೆ ಕೊಡಗಿನ ಜಡಿಮಳೆ ಕಾಲದಲ್ಲಿ. ನಾಲ್ಕು ದಿನದಿಂದ ಕರೆಂಟ್ ಇಲ್ಲ, ತೋಟಕ್ಕೆ ಹೋಗೋ ಹಾಗಿಲ್ಲ, ಬೇಜಾರಿಗೆ ಶೆಡ್ಡಲ್ಲಿದ್ದ ಅಪ್ಪನ ಹಳೇ ಟೂ ಸ್ಟ್ರೋಕ್ ಬೈಕಿನ ಕ್ಲಚ್ ಕವರ್ ಬಿಚ್ಚಿದೆ. ಕಿಕ್ಕರ್ ಹತ್ರ ಆಯಿಲ್ ಲೀಕ್ ಇತ್ತು, ಸೀಲ್ ಹಾಕೋದು, ಅರ್ಧ ಗಂಟೆ ಕೆಲಸ. ಬಿಚ್ಚಿದ ಸ್ಕ್ರೂಗಳನ್ನೆಲ್ಲ ಒಂದು ತೆಂಗಿನ ಚಿಪ್ಪಲ್ಲಿ ಹಾಕಿದೆ. ಅಲ್ಲೇ ತಪ್ಪಿದ್ದು. ಅದ್ರಲ್ಲಿ ಮೂರು ಬೇರೆ ಬೇರೆ ಉದ್ದದ್ದು ಇದ್ವು, ನಾನು ಗಮನಿಸ್ಲಿಲ್ಲ. ವಾಪಸ್ ಹಾಕೋವಾಗ ಉದ್ದದ್ದರ ಜಾಗಕ್ಕೆ ಗಿಡ್ಡದ್ದು ಹೋಯ್ತು. ಹೋಗಿ ಮೂರು ಸುತ್ತು ಮಾತ್ರ ಹಿಡೀತು, ಆದ್ರೂ ಕೈಗೆ ಟೈಟ್ ಅನ್ನಿಸ್ತು. ಇನ್ನೊಂದು ಕಾಲು ಸುತ್ತು ಇರ್ಲಿ ಅಂತ ತಿರುಗಿಸಿದೆ ನೋಡಿ, ಗಟ್ಟಿ ಇದ್ದಿದ್ದು ಇದ್ದಕ್ಕಿದ್ದ ಹಾಗೆ ಬೆಣ್ಣೆಯಲ್ಲಿ ತಿರುಗಿದ ಹಾಗೆ ಮೆತ್ತಗೆ ಆಯ್ತು. ಆ ಮೆತ್ತಗಾಗೋದು ಒಂದ್ಸಲ ಕೈಗೆ ಗೊತ್ತಾದ್ರೆ ಜನ್ಮದಲ್ಲಿ ಮರೆಯಲ್ಲ, ಹೊಟ್ಟೆಯಲ್ಲಿ ಏನೋ ಕುಸಿದ ಹಾಗೆ ಆಗ್ತದೆ. ಕೊನೆಗೆ ಉಳಿದಿದ್ದ ಉದ್ದದ್ದು ಗಿಡ್ಡ ತೂತಿನ ತಳಕ್ಕೆ ತಾಗಿ 5 ಮಿಲಿಮೀಟರ್ ತಲೆ ಎತ್ಕೊಂಡು ನಿಂತಿತ್ತು, ಅದನ್ನ ನೋಡಿದ ಮೇಲೇ ಏನಾಗಿದೆ ಅಂತ ಗೊತ್ತಾಗಿದ್ದು.

ಮೆಕ್ಯಾನಿಕ್ ಅಣ್ಣನ ಹತ್ರ ತಗೊಂಡು ಹೋದಾಗ ಅವರು ಸ್ಕ್ರೂ ಹೊರಗೆ ಎಳೆದು ಬೆಳಕಿಗೆ ಹಿಡಿದ್ರು. ಅದರ ಹಲ್ಲುಗಳ ಮಧ್ಯೆ ಬೆಳ್ಳಿ ತಂತಿ ಹಾಗೆ ಸಣ್ಣ ಸುರುಳಿ ಸುತ್ಕೊಂಡಿತ್ತು. "ಇದೇ ನಿನ್ನ ಥ್ರೆಡ್ಡು" ಅಂದ್ರು. "ಸ್ಕ್ರೂಗೆ ಏನೂ ಆಗಿಲ್ಲ ನೋಡು, ಬೇಕಿದ್ರೆ ಮನೆಗೆ ತಗೊಂಡು ಹೋಗು." ಆಮೇಲೆ ತೂತನ್ನ ಸ್ವಲ್ಪ ದೊಡ್ಡದು ಮಾಡಿ ಟ್ಯಾಪ್ (ತೂತೊಳಗೆ ಥ್ರೆಡ್ ಕೆತ್ತೋ ಉಪಕರಣ) ಹೊಡೆದು ಹೆಲಿಕಾಯಿಲ್ ಹಾಕಿದ್ರು, ಅಂದ್ರೆ ಸ್ಟೀಲ್ ತಂತಿಯ ಸ್ಪ್ರಿಂಗ್ ತರದ್ದನ್ನ ತೂತೊಳಗೆ ಕೂರ್ಸೋದು, ಅದೇ ಹೊಸ ಥ್ರೆಡ್ ಆಗ್ತದೆ, ಮೊದ್ಲಿದ್ದ ಅಲ್ಯೂಮಿನಿಯಂ ಥ್ರೆಡ್‌ಗಿಂತ ಗಟ್ಟಿನೇ ಇರ್ತದೆ. ಆದ್ರೆ ಸಣ್ಣ ಊರಲ್ಲಿ ಎಲ್ಲ ಗ್ಯಾರೇಜಲ್ಲೂ ಅದರ ಕಿಟ್ ಇರಲ್ಲ, ಓವರ್‌ಸೈಜ್ ಟ್ಯಾಪ್ ಹೊಡೆದು 6ರ ಜಾಗಕ್ಕೆ 8 ಹಾಕಿ ಕಳಿಸ್ತಾರೆ, ಎರಡನೇ ಸಲ ಹೋದ್ರೆ ಆಮೇಲೆ ದೊಡ್ಡದು ಮಾಡೋಕೆ ಲೋಹವೇ ಉಳಿದಿರಲ್ಲ.

ಅದಾದ ಮೇಲೆ ನಾನು ಕವರ್ ಬಿಚ್ಚೋಕೆ ಮೊದ್ಲು ಒಂದು ರಟ್ಟು ತಗೊಂಡು ಕವರಿನ ಚಿತ್ರ ಅಂದಾಜಿಗೆ ಬರೆದು, ಪ್ರತಿ ಸ್ಕ್ರೂನ ಅದರ ಜಾಗದಲ್ಲೇ ರಟ್ಟಿಗೆ ಚುಚ್ಚಿಡ್ತೀನಿ. ಸ್ಟೀಲ್ ಒಳಗೆ ಹೋಗೋ ಸ್ಕ್ರೂಗೆ ಅದರ ದಪ್ಪದಷ್ಟು ಆಳ ಥ್ರೆಡ್ ಹಿಡಿದ್ರೆ ಸಾಕು, ಅಲ್ಯೂಮಿನಿಯಂ ಆದ್ರೆ ಒಂದೂವರೆಯಿಂದ ಎರಡು ಪಟ್ಟು ಬೇಕು. 6ರದ್ದಕ್ಕೆ 9ರಿಂದ 12 ಮಿಲಿಮೀಟರ್. ನನ್ನದು ಹಿಡಿದಿದ್ದು 3.

ಈ ನಂಬರ್ ವಿಚಾರ ಇಲ್ಲೇ ಮುಗಿಸಿಬಿಡೋಣ. ಎಂ6 ಅಂದ್ರೆ ಥ್ರೆಡ್ ಇರೋ ಮೈಯ ದಪ್ಪ 6 ಮಿಲಿಮೀಟರ್, ಮಾಮೂಲಿ ಪಿಚ್ 1, ಅಂದ್ರೆ ಒಂದು ಸುತ್ತು ತಿರುಗಿಸಿದ್ರೆ 1 ಮಿಲಿಮೀಟರ್ ಒಳಗೆ. ಅದರ ತಲೆಗೆ ಸಾಮಾನ್ಯವಾಗಿ 10ರ ಸ್ಪ್ಯಾನರ್, ತಲೆ ಬುಡದಲ್ಲಿ ಅಗಲ ಅಂಚು (ಫ್ಲೇಂಜ್) ಇರೋ ಕೆಲವಕ್ಕೆ 8. ಎಂ8ಕ್ಕೆ ಪಿಚ್ 1.25, ತಲೆಗೆ 13, ಜಪಾನಿ ಬೈಕಾದ್ರೆ 12. ಎಂ10 ಬಂದಾಗ ಗಲಾಟೆ, ಪಿಚ್ 1.5ನೂ ಸಿಗ್ತದೆ 1.25ನೂ ಸಿಗ್ತದೆ, ಎರಡೂ ನೋಡೋಕೆ ಒಂದೇ, ಮೊದಲ ಎರಡು ಸುತ್ತು ಎರಡೂ ಹೋಗ್ತದೆ, ಆಮೇಲೆ ಬಿಗಿಯಾಗ್ತದೆ, ಆಗ ಬಲ ಹಾಕಿದ್ರೆ ಕಥೆ ಮುಗೀತು. ಕೈಬೆರಳಲ್ಲಿ ಪೂರ್ತಿ ಹೋಗದಿದ್ದದ್ದಕ್ಕೆ ಸ್ಪ್ಯಾನರ್ ಹಾಕಬಾರದು. ಹಳೇ ಕಾಸ್ಟ್ ಐರನ್ ಬುಲೆಟ್ ಇರೋರಿಗಂತೂ ಇದು ಚೆನ್ನಾಗಿ ಗೊತ್ತು, ಅದರಲ್ಲಿ ಬ್ರಿಟಿಷ್ ಕಾಲದ ಇಂಚಿನ ಥ್ರೆಡ್‌ಗಳು, ಸ್ಪ್ಯಾನರೂ ಬೇರೆ. ಇಂಗ್ಲೆಂಡಿನ ಇಂಜಿನಿಯರ್ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಶುರು ಮಾಡಿದ ಥ್ರೆಡ್‌ನ ಹಲ್ಲಿನ ಕೋನ 55 ಡಿಗ್ರಿ, ಮೆಟ್ರಿಕ್‌ದು 60, ಒಂದಕ್ಕೊಂದು ಕೂರೋದೇ ಇಲ್ಲ. ಮೈಸೂರಲ್ಲಿ ಮಾಡ್ತಿದ್ದ ಜಾವಾ, ಯೆಜ್ಡಿಗಳು ಜೆಕ್ ಡಿಸೈನ್ ಆಗಿದ್ರಿಂದ ಮೊದಲಿಂದನೂ ಮೆಟ್ರಿಕ್, ಅಷ್ಟರ ಮಟ್ಟಿಗೆ ಪುಣ್ಯ.

ಈಗ ಟೈಟ್ ಮಾಡೋದು ಅಂದ್ರೆ ಏನು ಅಂತ. ನಾವು ಅಂದ್ಕೊಳ್ಳೋದು ತಿರುಗಿಸೋದು ಅಂತ, ನಿಜವಾಗಿ ಆಗೋದು ಎಳೆಯೋದು. ತಲೆ ಒಂದು ಕಡೆ ತಡೆದು ನಿಲ್ತದೆ, ಥ್ರೆಡ್ ಇನ್ನೊಂದು ಕಡೆಗೆ ಜಗ್ತದೆ, ಮಧ್ಯದ ಮೈ ಕೂದಲೆಳೆಯಷ್ಟು ಉದ್ದ ಆಗ್ತದೆ. ಸ್ಟೀಲು ಕೂಡ ಒಂದು ತರ ರಬ್ಬರ್ರೇ, ವಾಪಸ್ ಗಿಡ್ಡ ಆಗೋಕೆ ನೋಡ್ತದೆ, ಆ ಜಗ್ಗಾಟವೇ ಎರಡು ಭಾಗಗಳನ್ನ ಒತ್ತಿ ಹಿಡಿಯೋದು. 6ರ ಸ್ಕ್ರೂಗೆ ಎಂಜಿನ್ ಕೇಸಲ್ಲಿ ಸಾಮಾನ್ಯವಾಗಿ ಹೇಳೋದು ಸುಮಾರು 10 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸೋ ಬಲ). ಅಂದ್ರೆ 10 ಸೆಂಟಿಮೀಟರ್ ಉದ್ದದ ಪುಟ್ಟ ಸ್ಪ್ಯಾನರಿನ ತುದಿಗೆ 10 ಕೆಜಿ ತೂಗು ಹಾಕಿದಷ್ಟು. ಅಷ್ಟಕ್ಕೇ ಆ ಸಣ್ಣ ಸ್ಕ್ರೂ ಸುಮಾರು 800 ಕೆಜಿ ಬಲದಲ್ಲಿ ಕವರನ್ನ ಒತ್ತಿ ಹಿಡಿತದೆ, 50 ಕೆಜಿಯ 16 ಚೀಲ ಕಾಫಿ ಒಂದರ ಮೇಲೊಂದು ಇಟ್ಟ ಹಾಗೆ. ಅದೇ ಜಾಗಕ್ಕೆ ಒಂದಡಿ ಉದ್ದದ ರಾಡ್ ಹಾಕಿ ಅದೇ 10 ಕೆಜಿ ಬಲ ಹಾಕಿದ್ರೆ 30 ನ್ಯೂಟನ್ ಮೀಟರ್, ಒಂದೋ ಸ್ಕ್ರೂ ತುಂಡಾಗ್ತದೆ ಇಲ್ಲಾ ಕೇಸಿನ ಥ್ರೆಡ್ ಎದ್ದು ಬರ್ತದೆ. ಸ್ಪ್ಯಾನರುಗಳನ್ನ ನಂಬರ್ ಜಾಸ್ತಿ ಆದ ಹಾಗೆ ಉದ್ದ ಮಾಡ್ತಾ ಹೋಗಿರೋದು ಇದಕ್ಕೇ.

ಮತ್ತೆ ನಾವು ಹಾಕೋ ಬಲದಲ್ಲಿ ಹತ್ತರಲ್ಲಿ ಒಂದು ಪಾಲು ಮಾತ್ರ ಎಳೆಯೋ ಕೆಲಸಕ್ಕೆ ಹೋಗೋದು, ಅರ್ಧದಷ್ಟು ತಲೆ ಕೆಳಗಿನ ಉಜ್ಜಾಟಕ್ಕೆ, ಉಳಿದಿದ್ದು ಥ್ರೆಡ್‌ನ ಉಜ್ಜಾಟಕ್ಕೆ. ಅದಕ್ಕೇ ಥ್ರೆಡ್‌ಗೆ ಆಯಿಲ್ ಬಿದ್ದಿದ್ರೆ ಅದೇ ಟಾರ್ಕ್‌ಗೆ ತುಂಬ ಜಾಸ್ತಿ ಎಳೀತದೆ, ತುಕ್ಕು ಹಿಡಿದಿದ್ರೆ ಕೈಗೆ ಟೈಟ್ ಅನ್ನಿಸ್ತದೆ ಒಳಗೆ ಏನೂ ಹಿಡಿದಿರಲ್ಲ. ಇನ್ನೂ ಒಂದು, ತಳ ಮುಚ್ಚಿರೋ ತೂತಲ್ಲಿ ಆಯಿಲ್ ತುಂಬ್ಕೊಂಡಿದ್ರೆ ಸ್ಕ್ರೂ ಪಿಸ್ಟನ್ ಹಾಗೆ ಅದನ್ನ ಒತ್ತಿ ಕೇಸನ್ನೇ ಬಿರುಕು ಬಿಡಿಸಬಹುದು. ಬಟ್ಟೆ ತುರುಕಿ ಒರೆಸಿ, ಆಮೇಲೆ ಹಾಕಿ.

ಈಗ ಆ ನುಣ್ಣನೆ ಮೈ. ಹಿಂದಿನ ಸ್ಪ್ರಾಕೆಟ್, ಫುಟ್‌ರೆಸ್ಟ್, ಎಂಜಿನ್ ಮೌಂಟಿಂಗ್, ಶಾಕ್ ಅಬ್ಸಾರ್ಬರ್ ಹಿಡಿಯೋ ಕಡೆ ಎಲ್ಲ ಎರಡು ಭಾಗಗಳು ಅಡ್ಡಡ್ಡ ಕತ್ತರಿ ಹಾಗೆ ಜಾರೋಕೆ ನೋಡ್ತವೆ. ಅಲ್ಲಿ ಕತ್ತರಿ ಬಾಯಿ ಬರೋ ಜಾಗದಲ್ಲಿ ಥ್ರೆಡ್ ಇರಬಾರದು, ಯಾಕಂದ್ರೆ ಥ್ರೆಡ್ ಕೆತ್ತಿದ ಜಾಗದಲ್ಲಿ ಮೈ ತೆಳ್ಳಗೆ, ಪ್ರತಿ ಹಲ್ಲಿನ ಬುಡವೂ ಬಿರುಕು ಶುರುವಾಗೋ ಜಾಗ, ಮತ್ತೆ ಆ ಹಲ್ಲುಗಳು ಅರ ಹಾಗೆ ತೂತನ್ನ ಉಜ್ಜಿ ಉಜ್ಜಿ ಮೊಟ್ಟೆ ಆಕಾರ ಮಾಡ್ತವೆ. ನಮ್ಮಲ್ಲಿ ಬೋಲ್ಟ್ ಕಳೆದುಹೋದ್ರೆ ಫುಲ್ ಥ್ರೆಡ್ ಒಂದು ಹಾಕಿ ಎರಡು ನಟ್ ಬಿಗಿದು "ಸದ್ಯಕ್ಕೆ ನಡೀತದೆ" ಅಂತ ಕಳ್ಸೋದು ಉಂಟು. ಸದ್ಯಕ್ಕೆ ನಡೀತದೆ ನಿಜ, ಗೋಣಿಕೊಪ್ಪದಿಂದ ಮನೆವರೆಗೆ. ತೋಟದ ಕಲ್ಲು ರಸ್ತೆಯಲ್ಲಿ ಗೊಬ್ಬರದ ಚೀಲ ಹಾಕ್ಕೊಂಡು ಓಡಾಡೋ ಬೈಕಿಗೆ ಒಂದು ಮಳೆಗಾಲ ಕಳೆಯೋದ್ರೊಳಗೆ ಬ್ರ್ಯಾಕೆಟ್ಟಿನ ತೂತು ಹೋಗಿರ್ತದೆ.

ಅಡ್ಡ ಜಾರೋದು ಇನ್ನೊಂದಕ್ಕೂ ಮುಖ್ಯ. 1969ರಲ್ಲಿ ಗೆರ್ಹಾರ್ಡ್ ಯುಂಕರ್ ಅನ್ನೋ ಜರ್ಮನ್ ಇಂಜಿನಿಯರ್ ತೋರಿಸಿಕೊಟ್ಟಿದ್ದು ಇದನ್ನೇ, ಬೋಲ್ಟ್ ತಾನಾಗಿ ಬಿಚ್ಚಿಕೊಳ್ಳೋದು ಉದ್ದುದ್ದ ಎಳೆದಾಟಕ್ಕಲ್ಲ, ಅಡ್ಡಡ್ಡ ಜಾರಾಟಕ್ಕೆ. ಸ್ಪ್ರಿಂಗ್ ವಾಷರ್ ಹಾಕಿದ್ದೀನಲ್ಲ ಅಂತ ಧೈರ್ಯ ಬೇಡ, ಪೂರ್ತಿ ಒತ್ತಿದ ಮೇಲೆ ಅದು ಮಾಮೂಲಿ ವಾಷರ್ರೇ. ಸರಿಯಾಗಿ ಬಿಗಿದಿದ್ರೆ ಜಾರೋದೇ ಇಲ್ಲ, ಬೇಕಾದ ಕಡೆ ಥ್ರೆಡ್ ಲಾಕರ್ ಅನ್ನೋ ಅಂಟಿನ ಹನಿ ಇಲ್ಲಾ ನೈಲಾನ್ ರಿಂಗ್ ಇರೋ ನಟ್ ಹಾಕ್ಬೇಕು. ನಟ್ ಇರೋ ಕಡೆ ಆದಷ್ಟು ತಲೆ ಹಿಡ್ಕೊಂಡು ನಟ್ಟನ್ನೇ ತಿರುಗಿಸಿ, ತಲೆ ತಿರುಗಿಸಿದ್ರೆ ಉದ್ದ ಬೋಲ್ಟಿನ ಮೈಯೆಲ್ಲ ತೂತಲ್ಲಿ ಉಜ್ಜಿ ಸ್ವಲ್ಪ ಬಲ ಅಲ್ಲೇ ಹೋಗ್ತದೆ.

ಇವೆರಡರ ಮಧ್ಯದ್ದು ಒಂದು ಉಂಟು, ಸ್ಟಡ್. ಎರಡೂ ಕಡೆ ಥ್ರೆಡ್, ತಲೆ ಇಲ್ಲ. ಸಿಲಿಂಡರ್ ಹೆಡ್ ಹಿಡಿಯೋದಕ್ಕೆ, ಸೈಲೆನ್ಸರ್ ಬೆಂಡಿಗೆ ಇರ್ತದಲ್ಲ. ಒಂದು ತುದಿ ಎಂಜಿನ್‌ನಲ್ಲಿ ಖಾಯಂ ಕೂತಿರ್ತದೆ, ಅಂದ್ರೆ ಆ ಕಡೆ ಸ್ಕ್ರೂ, ಈ ಕಡೆ ನಟ್ ಹಾಕ್ತೀವಿ, ಅಂದ್ರೆ ಬೋಲ್ಟ್. ಹತ್ತು ಸಲ ಬಿಚ್ಚಿ ಹಾಕಿದ್ರೂ ಸವೆಯೋದು ಸ್ಟೀಲಿನ ಥ್ರೆಡ್ಡು, ಅಲ್ಯೂಮಿನಿಯಂ ಮುಟ್ಟೋದೇ ಇಲ್ಲ. ಡಿಸೈನ್ ಮಾಡಿದೋರಿಗೆ ನಮ್ಮ ಕೈ ಬಗ್ಗೆ ಗೊತ್ತಿತ್ತು ಅನ್ಸತ್ತೆ.

ಮಳೆ ವಿಚಾರಕ್ಕೆ ಬರ್ತೀನಿ, ಕೊಡಗಲ್ಲಿ ಇದ್ದು ಅದನ್ನ ಹೇಳದಿದ್ರೆ ಹೇಗೆ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಮೇಲೆ ಮಳೆ, ಭಾಗಮಂಡಲ ಕಡೆ ಇನ್ನೂ ಜಾಸ್ತಿ. ಸ್ಟೀಲು ಅಲ್ಯೂಮಿನಿಯಂ ಎರಡು ಒಟ್ಟಿಗೆ ಇದ್ದು ಮಧ್ಯೆ ಕೆಸರು ನೀರು ಸೇರಿದ್ರೆ ಅದೊಂದು ಪುಟ್ಟ ಬ್ಯಾಟರಿ, ಅಲ್ಯೂಮಿನಿಯಂ ಕರಗಿ ಬಿಳಿ ಪುಡಿ ಆಗ್ತದೆ, ಆ ಪುಡಿಗೆ ಲೋಹಕ್ಕಿಂತ ಜಾಸ್ತಿ ಜಾಗ ಬೇಕು, ಹಾಗಾಗಿ ಸ್ಕ್ರೂನ ಸುತ್ತ ಆಪು ಹೊಡೆದ ಹಾಗೆ ಹಿಡ್ಕೊಳ್ತದೆ. ನಟ್ಟು ಬೋಲ್ಟು ಹಿಡ್ಕೊಂಡ್ರೆ ಕೊನೆಗೆ ಗರಗಸದಲ್ಲಿ ಕೊಯ್ದು ಎಸೀಬಹುದು. ಸ್ಕ್ರೂನ ಕೊಯ್ಯೋಕಾಗಲ್ಲ.

ಅದಕ್ಕೆ ಮೊದ್ಲು ಜಂಗ್ ಬಿಡಿಸೋ ಆಯಿಲ್ ಹಾಕಿ ಒಂದು ರಾತ್ರಿ ಬಿಡಿ. ಆಮೇಲೆ ಬಿಸಿ, ಅಲ್ಯೂಮಿನಿಯಂ ಬಿಸಿಗೆ ಸ್ಟೀಲಿನ ಹತ್ರಹತ್ರ ಎರಡು ಪಟ್ಟು ಹಿಗ್ತದೆ, ಕುದಿಯೋ ನೀರು ಹೊಯ್ದ್ರೂ ಕೆಲವು ಸಲ ಸಾಕು, ಪೆಟ್ರೋಲ್ ಟ್ಯಾಂಕ್ ಹತ್ರ ಬೆಂಕಿ ಮಾತ್ರ ತರಬೇಡಿ. ಹಳೇ ಜಪಾನಿ ಬೈಕುಗಳ ಕವರಿನ ಸ್ಟಾರ್ ಸ್ಕ್ರೂ ನಾವು ಅಂದ್ಕೊಂಡಿರೋ ಫಿಲಿಪ್ಸ್ ಅಲ್ಲ, ಅದು ಜಪಾನಿನ ಜೆಐಎಸ್ ಅನ್ನೋ ಬೇರೆ ಅಳತೆ, ಎಷ್ಟೋ ಸಲ ತಲೆ ಮೇಲೆ ಒಂದು ಸಣ್ಣ ಚುಕ್ಕಿ ಇರ್ತದೆ. ಮಾಮೂಲಿ ಫಿಲಿಪ್ಸ್ ಡ್ರೈವರ್ ಅದರಲ್ಲಿ ತಳದವರೆಗೆ ಕೂರಲ್ಲ, ಜಾರಿ ಮೇಲೆ ಬಂದು ತಲೆಯನ್ನ ದುಂಡಗೆ ಮಾಡಿಬಿಡ್ತದೆ. ಸರಿ ಕೂರೋ ಡ್ರೈವರ್ ಹುಡುಕಿ, ಇಲ್ಲಾ ಸುತ್ತಿಗೆಯಲ್ಲಿ ಹೊಡೆದ್ರೆ ತಿರುಗೋ ಇಂಪ್ಯಾಕ್ಟ್ ಡ್ರೈವರ್ ತಗೊಳ್ಳಿ, ಆ ಪೆಟ್ಟಿಗೆ ತುಕ್ಕೂ ಬಿಡ್ತದೆ ತಲೆಯೂ ಉಳೀತದೆ.

ಮಳೆಗೆ ಹೆದರಿ ಎಲ್ಲ ಕಡೆ ಸ್ಟೇನ್‌ಲೆಸ್ ಹಾಕೋರು ಉಂಟು, ಕೊಡವರ ಆಯುಧಪೂಜೆ ಹಬ್ಬ ಕೈಲ್‌ಪೊಳ್ದ್‌ಗೆ ಗಾಡಿ ತೊಳೆದು ಪೂಜೆಗೆ ನಿಲ್ಸಿದಾಗ ಫಳಫಳ ಅಂತ ಚೆನ್ನಾಗೇ ಕಾಣ್ತದೆ. ಆದ್ರೆ ತಲೆ ಮೇಲಿನ ನಂಬರ್ ಓದಿ. ಸ್ಟೀಲ್ ಬೋಲ್ಟಿನ ಮೇಲೆ 8.8 ಅಂದ್ರೆ ತುಂಡಾಗೋ ಶಕ್ತಿ 800 ಮೆಗಾಪಾಸ್ಕಲ್, ಅದರ ಶೇಕಡಾ 80ಕ್ಕೆ ಅಂದ್ರೆ 640ಕ್ಕೆ ಖಾಯಂ ಉದ್ದ ಆಗೋಕೆ ಶುರು. ಮಾಮೂಲಿ ಸ್ಟೇನ್‌ಲೆಸ್ ಎ2-70ಗೆ ಇದು 700 ಮತ್ತು 450. ನಂಬರ್ ಪ್ಲೇಟಿಗೆ, ಮಡ್‌ಗಾರ್ಡಿಗೆ ಹಾಕಿ, ಬೇಡ ಅನ್ನಲ್ಲ. ಬ್ರೇಕ್ ಕ್ಯಾಲಿಪರಿಗೆ, ಡಿಸ್ಕಿಗೆ, ಸ್ಪ್ರಾಕೆಟ್ಟಿಗೆ ಕಂಪನಿದೇ ಹಾಕ್ಬೇಕು, ಇಲ್ಲಿ ನಾನು ಯಾರ ಮಾತೂ ಕೇಳಲ್ಲ. ಸ್ಟೇನ್‌ಲೆಸ್ ನಟ್ಟಿಗೆ ಸ್ಟೇನ್‌ಲೆಸ್ ಬೋಲ್ಟ್ ಒಣಗಿದ್ದನ್ನೇ ಜೋರಾಗಿ ತಿರುಗಿಸಿದ್ರೆ ಒಂದಕ್ಕೊಂದು ಬೆಸುಗೆ ಹಾಕಿದ ಹಾಗೆ ಅಂಟ್ಕೊಳ್ತದೆ, ಅಲ್ಯೂಮಿನಿಯಂಗೆ ಹಾಕಿದ್ರೆ ಮೇಲೆ ಹೇಳಿದ ಬ್ಯಾಟರಿ ಆಟ ಇನ್ನೂ ಜೋರು. ಹಾಕೋದೇ ಆದ್ರೆ ಆಂಟಿ ಸೀಜ್ ಪೇಸ್ಟ್ ಹಚ್ಚಿ, ಹಚ್ಚಿದ ಮೇಲೆ ಟಾರ್ಕ್ ಸ್ವಲ್ಪ ಕಮ್ಮಿ.

ಉಳಿದಿದ್ದು ಪ್ಲಾಸ್ಟಿಕ್‌ಗೆ ಹೋಗೋ ಸೆಲ್ಫ್ ಟ್ಯಾಪಿಂಗ್ ಸ್ಕ್ರೂ, ಸ್ಕೂಟರ್ ಪ್ಯಾನಲ್ಲಲ್ಲಿ ತುಂಬ ಇರ್ತದೆ. ಇದು ಸ್ಕ್ರೂಗಳಲ್ಲೂ ಪಕ್ಕಾ ಸ್ಕ್ರೂ, ತನ್ನ ದಾರಿ ತಾನೇ ಕೆತ್ಕೊಂಡು ಹೋಗ್ತದೆ. ಬಿಚ್ಚಿ ವಾಪಸ್ ಹಾಕೋವಾಗ ಸೀದಾ ತಿರುಗಿಸಿದ್ರೆ ಪಕ್ಕದಲ್ಲಿ ಇನ್ನೊಂದು ದಾರಿ ಕೆತ್ತಿ ಎರಡೇ ಸಲಕ್ಕೆ ತೂತು ಸಡಿಲ. ತೂತಿನ ಮೇಲಿಟ್ಟು ಮೊದ್ಲು ಉಲ್ಟಾ ಎಡಕ್ಕೆ ಮೆಲ್ಲ ತಿರುಗಿಸಿ, ಒಂದು ಕಡೆ ಟಕ್ ಅಂತ ಸ್ವಲ್ಪ ಕೆಳಗೆ ಬೀಳ್ತದೆ, ಅದೇ ಹಳೇ ದಾರಿಯ ಬಾಯಿ. ಅಲ್ಲಿಂದ ಬಲಕ್ಕೆ ತಿರುಗಿಸಿದ್ರೆ ಎರಡು ಬೆರಳಲ್ಲೇ ಹೋಗ್ತದೆ.